ಬಾಗಿಲಲ್ಲಿ ಕೊಡದ ಮಾತು

ಮಗಳು ದೀಪಿಕಾಳನ್ನು ಕೊಡುತ್ತೀಯಾ ಎಂದು ಕೇಳಿದ್ದರೆ ಓಂಕಾರಮೂರ್ತಿಯವರು ಒಪ್ಪಿಬಿಡುತ್ತಿದ್ದರು. ಹುಡುಗ ಸ್ವಂತ ಅಕ್ಕನ ಮಗ, ಹೆಸರು ಸಂಗಮೇಶ್. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ, ಚಟವಿಲ್ಲ, ಮಾತು ಕಡಿಮೆ, ಕಂಡಾಗಲೆಲ್ಲ ಬಗ್ಗಿ ಕಾಲು ಮುಟ್ಟುವವನು. ಇಂಥ ಅಳಿಯ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ? ಆದರೆ ಅಕ್ಕ ಬಸವಲಿಂಗಮ್ಮ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿನಿಂದ ಫೋನ್ ಮಾಡಿ ಹೇಳಿದರು.

“ಲೋ ಓಂಕಾರ, ಸಾಯಂಕಾಲ ದೀಪಿಕಾಗೆ ಹೂ ಮುಡಿಸಾಕೆ ಬರ್ತೀವಿ. ಹೋಳಿಗೆ ಮಾಡ್ಸು. ತುಪ್ಪ ನಾವೇ ತರ್ತೀವಿ, ನಿಮ್ಮ ಚಳ್ಳಕೆರೆಯಾಗೆ ತುಪ್ಪನೂ ಶೇಂಗಾ ಎಣ್ಣೆ ವಾಸ್ನೆ ಹೊಡೀತೈತೆ.”

ಓಂಕಾರಮೂರ್ತಿಯವರು ಬಾಯಲ್ಲಿದ್ದ ಬ್ರಷ್ ತೆಗೆದರು. “ಹೂ ಮುಡಿಸಾದು ಅಂದ್ರೆ? ಯಾರನ್ನ ಕೇಳಿ ಗೊತ್ತು ಮಾಡ್ದೆ ಅಕ್ಕಾ?”

“ನಿನ್ನನ್ನೇ ಕಣೋ. ನಿನ್ನ ಮದುವೆಯಾಗೆ ಬಾಗಿಲು ತಡೆದು ಕೇಳಿದ್ನಲ್ಲ, ಮರೆತೆಯಾ? ಹೂಂ ಅಂದಿದ್ದೆ.”

ನಮ್ಮ ಕಡೆ ಇದೊಂದು ಶಾಸ್ತ್ರ. ಮದುಮಗ ಹೊಸ ಹೆಂಡತಿಯ ಕೈ ಹಿಡಿದು ಮನೆಯೊಳಗೆ ಕಾಲಿಡುವಾಗ ಅವನ ಅಕ್ಕನೋ ತಂಗಿಯೋ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ‘ನಿನಗೆ ಹುಟ್ಟೋ ಮಗಳನ್ನ ನನ್ನ ಮಗನಿಗೆ ಕೊಡ್ತೀನಿ ಅನ್ನು, ಒಳಗೆ ಬಿಡ್ತೀನಿ’ ಎನ್ನುತ್ತಾಳೆ. ಹಸಿದು ಸುಸ್ತಾದ ಮದುಮಗ ‘ಕೊಡ್ತೀನಿ’ ಎಂದು ಒದರುತ್ತಾನೆ. ಎಲ್ಲರೂ ನಗುತ್ತಾರೆ, ಒಳಗೆ ಹೋಗಿ ಪಾಯಸ ಉಣ್ಣುತ್ತಾರೆ, ಮರೆಯುತ್ತಾರೆ. ಬಸವಲಿಂಗಮ್ಮ ಮಾತ್ರ ಮರೆಯುವ ಪೈಕಿಯಲ್ಲ.

“ನಾನು ಕೊಡಲ್ಲ ಅಂದಿದ್ದೆ!” ಎಂದರು ಓಂಕಾರಮೂರ್ತಿಯವರು.

“ನೀನು? ನನ್ನೆದುರಿಗೆ?” ಅಕ್ಕ ಫೋನಿನಲ್ಲೇ ನಕ್ಕರು. ಬಹಳ ಹೊತ್ತು ನಕ್ಕರು. ಅದೇ ತಪ್ಪಾಗಿದ್ದು. ಐವತ್ತೆಂಟು ವರ್ಷ ಆ ನಗುವಿಗೆ ತಲೆಬಗ್ಗಿಸಿದ್ದ ಓಂಕಾರಮೂರ್ತಿಯವರ ತಲೆ ಅವತ್ತು ಯಾಕೋ ಬಗ್ಗಲೇ ಇಲ್ಲ.

“ಕ್ಯಾಸೆಟ್ ಐತೆ ಅಕ್ಕಾ! ನನ್ನ ಮದುವೆ ಕ್ಯಾಸೆಟ್! ಸಾಯಂಕಾಲ ಬಾ, ತೋರಿಸ್ತೀನಿ. ಕೊಡಲ್ಲ ಅಂದಿದ್ದು ಅದ್ರಾಗೆ ಇದ್ರೆ ಹೂವು ವಾಪಸ್ ತಗೊಂಡು ಹೋಗ್ತೀಯಾ?”

“ಹೋಗ್ತೀನಿ. ಹೂಂ ಅಂದಿದ್ದು ಇದ್ರೆ?”

“ಬಾಯಿ ಮುಚ್ಕೊಂಡು ಹೆಣ್ಣು ಕೊಡ್ತೀನಿ.”

ಇವತ್ತು ಚಳ್ಳಕೆರೆಯಲ್ಲಿ ಅವರನ್ನು ಫ್ಯಾನ್ಸಿ ಸ್ಟೋರ್ ಮೂರ್ತಿ ಎನ್ನುತ್ತಾರೆ. ಆ ಕಾಲಕ್ಕೆ ಅವರು ವಿಡಿಯೋ ಮೂರ್ತಿ. ಎಲ್ಲವೂ ಒಂದೇ ಡಬ್ಬಿಯೊಳಗೆ ಬಂದಿರದ ಕಾಲ ಅದು. ಕ್ಯಾಮೆರಾ ಬೇರೆ, ಕ್ಯಾಸೆಟ್ ಓಡಿಸುವ ವಿ.ಸಿ.ಆರ್. ಬೇರೆ. ವಿ.ಸಿ.ಆರನ್ನು ಪಟ್ಟಿ ಹಾಕಿ ಹೆಗಲಿಗೆ ನೇತುಹಾಕಿಕೊಂಡು, ಅದರಿಂದ ಹೊರಟ ದಪ್ಪ ತಂತಿಯ ತುದಿಗೆ ಕ್ಯಾಮೆರಾ ಹಿಡಿದು ಅವರು ಮಂಟಪಕ್ಕೆ ಬಂದರೆಂದರೆ ಪುರೋಹಿತರೂ ತಲೆ ಬಾಚಿಕೊಳ್ಳುತ್ತಿದ್ದರು. ಬೊಂಬಾಯಿಯಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದ ಆ ಯಂತ್ರದ ಭಾರಕ್ಕೆ ಅವರ ಎಡ ಹೆಗಲು ಇವತ್ತಿಗೂ ಬಲಕ್ಕಿಂತ ಸ್ವಲ್ಪ ಕೆಳಗಿದೆ. ತಮ್ಮ ಮದುವೆಯಲ್ಲಿ ಮಾತ್ರ ಅದನ್ನು ಒಬ್ಬ ಗೆಳೆಯನ ಹೆಗಲಿಗೆ ಹಾಕಿ, ‘ಏನೇ ಆದ್ರೂ ಕ್ಯಾಮೆರಾ ನಿಲ್ಲಿಸಬೇಡ’ ಎಂದು ಆಣೆ ಹಾಕಿಸಿದ್ದರು.

ಬೀರುವಿನ ಮೇಲಿಂದ ಯಂತ್ರ ಇಳಿಯಿತು. ಹೆಂಡತಿ ಜ್ಯೋತಿಲಕ್ಷ್ಮಿ ಸೊಂಟಕ್ಕೆ ಕೈ ಇಟ್ಟು ನೋಡಿದರು. “ಅದನ್ನ ಗುಜರಿಗೆ ಹಾಕ್ರಿ ಅಂತ ಎಷ್ಟು ಸಲ ಹೇಳಿದ್ದೆ.”

“ಹಾಕಿದ್ರೆ ಇವತ್ತು ನನ್ನ ಮರ್ಯಾದೆನೂ ಗುಜರಿಗೆ ಹೋಗ್ತಿತ್ತು. ನೀನೇ ಹೇಳು, ಅವತ್ತು ನನ್ನ ಪಕ್ಕದಾಗೇ ನಿಂತಿದ್ದೆ. ನಾನು ಏನಂದೆ?”

“ನನಗೇನು ಗೊತ್ತು? ತಲೆ ಬಗ್ಗಿಸಿಕೊಂಡು ನಿಂತಿದ್ದೆ. ನಿಮ್ಮ ಕಾಲು ನಡುಗ್ತಿದ್ದದ್ದು ಕಾಣಿಸ್ತು.”

ಆಗ ಮಗಳು ದೀಪಿಕಾ ಬಂದು ಚಾಪೆ ಹಾಸಿದಳು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಹುಡುಗಿ. ರಜಾ ದಿನ ಒಂಬತ್ತಕ್ಕೆ ಮುಂಚೆ ಏಳದವಳು ಅವತ್ತು ತಲೆಗೆ ಸ್ನಾನ ಮಾಡಿ, ಸ್ಕ್ರೂಡ್ರೈವರ್ ಡಬ್ಬಿ ಹಿಡಿದು ಅಪ್ಪನ ಎದುರು ಕೂತಳು. “ಅಪ್ಪಾ, ಏನಾದ್ರೂ ಆಗ್ಲಿ, ಸಾಯಂಕಾಲದೊಳಗೆ ಇದು ಓಡ್ಬೇಕು.”

ಓಂಕಾರಮೂರ್ತಿಯವರ ಕಣ್ಣು ತುಂಬಿತು. “ಹೆದರ್ಕೋಬೇಡ ಮಗಳೇ. ನಿನ್ನ ಅಪ್ಪ ಇನ್ನೂ ಬದುಕಿದ್ದಾನೆ.”

“ಅದಲ್ಲಪ್ಪಾ, ನಾನು ಹೇಳೋದು…”

“ನೀನೇನೂ ಹೇಳೋದು ಬೇಡ. ಎಲ್ಲ ನನಗೆ ಅರ್ಥ ಆಗ್ತೈತೆ. ಆ ಸಣ್ಣ ಸ್ಕ್ರೂಡ್ರೈವರ್ ಕೊಡು.”

ಮೊದಲ ತೊಂದರೆ ಕರೆಂಟಿನದು. ಯಂತ್ರದ ಬ್ಯಾಟರಿ ಊದಿಕೊಂಡು ಸತ್ತಿತ್ತು, ಅಡಾಪ್ಟರ್ ಎಂದೋ ಸುಟ್ಟಿತ್ತು. ಹನ್ನೆರಡು ವೋಲ್ಟ್ ಬೇಕು. ಪಕ್ಕದ ಮನೆಯ ಲಗೇಜ್ ಆಟೋ ಹನುಮಣ್ಣನನ್ನು ಕೂಗಿದರು. ಅವನು ಆಟೋವನ್ನು ಕಿಟಕಿಗೆ ಒತ್ತಿ ನಿಲ್ಲಿಸಿದ, ಬ್ಯಾಟರಿಯಿಂದ ಎರಡು ತಂತಿ ಕಿಟಕಿಯ ಸರಳುಗಳ ನಡುವೆ ಒಳಗೆ ಬಂದವು.

“ಮೂರ್ತಣ್ಣಾ, ನನ್ನ ಬ್ಯಾಟರಿನೂ ಮುದುಕ. ಇಂಜಿನ್ ಓಡ್ತಿದ್ರೇನೇ ಅದಕ್ಕೆ ಉಸಿರು,” ಎಂದ ಹನುಮಣ್ಣ. ಇಂಜಿನ್ ಓಡಿಸಿದ. ಮನೆಯ ಪಾತ್ರೆಗಳೆಲ್ಲ ತಾಳ ಹಾಕತೊಡಗಿದವು. ಆ ಸದ್ದಿಗೆ ಎದುರು ಮನೆಯ ಜಯದೇವಪ್ಪನವರು ಟೀ ಲೋಟ ಹಿಡಿದುಕೊಂಡೇ ಬಂದರು. ಎಣ್ಣೆ ಮಿಲ್ಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಬೇರೆಯವರ ಮನೆಯ ರಿಪೇರಿಯೇ ಉದ್ಯೋಗ.

ಯಂತ್ರಕ್ಕೆ ಜೀವ ಬಂತು. ಬಂದ ಕೂಡಲೇ ಕೆಂಪು ದೀಪವೊಂದು ಹತ್ತಿಕೊಂಡಿತು. ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ.

“ಏನಂತೆ ಅದು?” ಎಂದರು ಜಯದೇವಪ್ಪ.

“ಒಳಗೆ ಇಬ್ಬನಿ ಐತಂತೆ. ಒಣಗೋವರೆಗೂ ಓಡಲ್ಲವಂತೆ.”

ದಾರಿ ತಪ್ಪಿ ಒಂದು ಮೋಡ ಬಂದರೂ ಅಂಗಡಿಯವರು ಹೊರಗೆ ಬಂದು ನೋಡುವ ಊರು ಚಳ್ಳಕೆರೆ. ಅಲ್ಲಿ, ಬೇಸಗೆಯ ಬೆಳಿಗ್ಗೆ, ಬೀರುವಿನ ಮೇಲೆ ಇಬ್ಬನಿ! ಜಯದೇವಪ್ಪನವರು ಭಕ್ತಿಯಿಂದ ಯಂತ್ರದೊಳಗೆ ಇಣುಕಿದರು. “ನಮ್ಮ ಬೋರ್‌ವೆಲ್ ಪಾಯಿಂಟು ಇದ್ರಿಂದಲೇ ನೋಡ್ಸಬೇಕಿತ್ತು ಕಣ್ರೀ.”

ತೇವ ನೋಡುವ ಆ ಸಣ್ಣ ಬಿಲ್ಲೆಯೇ ಕೆಟ್ಟಿದೆಯೆಂದು ಓಂಕಾರಮೂರ್ತಿಯವರಿಗೆ ಗೊತ್ತಿತ್ತು. ಅದನ್ನು ಬಿಟ್ಟು ತಂತಿಯನ್ನು ಬೇರೆ ದಾರಿಗೆ ಬೆಸೆದರು. ದೀಪ ಆರಿತು. “ನನ್ನ ಮನೆಯಾಗೆ ಕೂತು ನನಗೇ ಆಗಲ್ಲ ಅಂತೀಯಾ?” ಎಂದು ಯಂತ್ರವನ್ನು ಗದರಿಸಿದರು. ಅಕ್ಕನಿಗೆ ಹೇಳಬೇಕಾದ್ದನ್ನೆಲ್ಲ ಅವರು ಅವತ್ತು ಯಂತ್ರಕ್ಕೇ ಹೇಳುತ್ತಿದ್ದರು.

ಮುಂದಿನ ತೊಂದರೆ ಬೆಲ್ಟು. ರಬ್ಬರ್ ಬೆಲ್ಟು ಹಳೆಯ ಲಾಡಿಯ ಹಾಗೆ ಸಡಿಲಾಗಿ ಜೋಲುತ್ತಿತ್ತು. ಹೊಸದು ಈ ಜನ್ಮಕ್ಕೆ ಸಿಗುವುದಿಲ್ಲ. ಆದರೆ ಸಡಿಲವಾದ ಬೆಲ್ಟನ್ನು ಕುದಿಯುವ ನೀರಿಗೆ ಹಾಕಿದರೆ ಸ್ವಲ್ಪ ಬಿಗಿಯಾಗುತ್ತದೆ, ನಾಲ್ಕು ದಿನ ನಡೆಯುತ್ತದೆ. ಓಂಕಾರಮೂರ್ತಿಯವರಿಗೆ ನಾಲ್ಕು ನಿಮಿಷ ಸಾಕಿತ್ತು. ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಕಡಲೆಬೇಳೆ ಕುದಿಯುತ್ತಿದೆ.

“ಹೋಳಿಗೆ ಮಾಡಬೇಡ ಅಂದಿದ್ನಲ್ಲ!”

“ಅವರಿಗಲ್ಲ ಬಿಡ್ರಿ. ನನಗೆ ತಿನ್ನಂಗಾಗೈತೆ,” ಎಂದರು ಜ್ಯೋತಿಲಕ್ಷ್ಮಿ, ಮುಖ ತಿರುಗಿಸದೆ.

ಪಕ್ಕದ ಒಲೆಯ ಮೇಲೆ ನೀರಿಟ್ಟು ಬೆಲ್ಟು ಹಾಕಿ ಅವರು ಹೊರಗೆ ಬಂದರು. ಹೊರಗೆ ಅವರಿಗೊಂದು ಆಘಾತ ಕಾದಿತ್ತು. ಜಯದೇವಪ್ಪನವರು ಮನೆಯಿಂದ ಶೇಂಗಾ ಎಣ್ಣೆಯ ಬಾಟಲಿ ತಂದು, ಕಣ್ಣಿಗೆ ಕಂಡ ಪ್ರತಿಯೊಂದು ಚಕ್ರಕ್ಕೂ ತೊಟ್ಟು ತೊಟ್ಟು ಬಿಟ್ಟು, ಬೆರಳಿನಿಂದ ಸವರುತ್ತಿದ್ದರು.

“ಜಯದೇವಣ್ಣಾ! ಏನ್ ಮಾಡ್ತಿದ್ದೀರಿ?”

“ಎಲ್ಲ ಬಿಗುವಾಗಿತ್ತು ಮೂರ್ತಿ. ಗಾಣದ ಎಣ್ಣೆ ಇದು, ಕಲಬೆರಕೆ ಇಲ್ಲ. ನಮ್ಮ ಮಿಲ್ಲು ಓಡಿದ್ದೇ ಇದ್ರಾಗೆ.”

“ಇದು ಮಿಲ್ಲಲ್ಲ ಕಣ್ರೀ! ಈ ರಬ್ಬರ್ ಚಕ್ರ ಟೇಪನ್ನ ಹಿಡಿದು ಎಳೀಬೇಕು. ಎಣ್ಣೆ ಹಚ್ಚಿದ್ರೆ ಜಾರ್ತೈತೆ!”

“ಜಾರಿದ್ರೆ ಬೇಗ ಓಡ್ತೈತಲ್ಲ,” ಎಂದರು ಜಯದೇವಪ್ಪ. ಹಿರಿಯರು. ಏನು ಹೇಳುವುದು? ದೀಪಿಕಾ ಮಾತಾಡದೆ ಚಪ್ಪಲಿ ಮೆಟ್ಟಿ ಓಡಿದಳು. ಬಿಸಿಲಲ್ಲಿ ಮೆಡಿಕಲ್ ಸ್ಟೋರಿಗೆ ಹೋಗಿ ಸ್ಪಿರಿಟ್ ತಂದಳು. ಅಪ್ಪನೂ ಮಗಳೂ ಕೂತು ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಚಕ್ರ ಒರೆಸಿದರು. ಅವಳ ಮುಖ ಬೆವರಿತ್ತು, ಬೆರಳು ಕಪ್ಪಾಗಿತ್ತು. ನಡುನಡುವೆ ಅವಳ ಫೋನು ಗುಂಯ್ಗುಟ್ಟುತ್ತಿತ್ತು. ಅವಳು ನೋಡಿ, ಏನೋ ಬರೆದು, ಮತ್ತೆ ಕಡ್ಡಿ ಹಿಡಿಯುತ್ತಿದ್ದಳು. ಈ ಸಂಬಂಧ ಮುರಿಯಲು ಹುಡುಗಿ ಎಷ್ಟು ಒದ್ದಾಡುತ್ತಿದೆ ಎಂದು ಓಂಕಾರಮೂರ್ತಿಯವರು ಮರುಗಿದರು. ಅಕ್ಕನ ಮೇಲಿನ ಸಿಟ್ಟು ಇನ್ನೂ ಒಂದು ಸೇರು ಹೆಚ್ಚಾಯಿತು.

ಅಷ್ಟರಲ್ಲಿ ಒಳಗಿನಿಂದ ಕೂಗು. “ರೀ! ಬೇಳೆ ಬಸಿದ ಕಟ್ಟಿನಾಗೆ ಇದೇನ್ರೀ ಕರ್ರಗೆ ಹುಳದಂಗೆ ತೇಲ್ತೈತೆ?”

ಜ್ಯೋತಿಲಕ್ಷ್ಮಿಯವರು ಬೆಲ್ಟಿದ್ದ ಪಾತ್ರೆಗೇ ಬೇಳೆಯ ಕಟ್ಟು ಬಸಿದಿದ್ದರು. ಓಂಕಾರಮೂರ್ತಿಯವರು ಸೌಟಿನಿಂದ ಬೆಲ್ಟು ಎತ್ತಿ, ತೊಳೆದು, ಒರೆಸಿ ಹಾಕಿದರು. ಬಿಗಿಯಾಗಿ ಕೂತಿತು. ಸ್ವಲ್ಪ ಹೋಳಿಗೆ ಸಾರಿನ ವಾಸನೆ ಬರುತ್ತಿತ್ತು, ಅಷ್ಟೆ.

ತಿಳಿದವರು ಮುಖ್ಯವಾದ ಕ್ಯಾಸೆಟ್ಟನ್ನು ಮೊದಲೇ ಹಾಕುವುದಿಲ್ಲ. ಓಂಕಾರಮೂರ್ತಿಯವರು ಯಾರದೋ ಮನೆ ಗೃಹಪ್ರವೇಶದ ಹಳೇ ಕ್ಯಾಸೆಟ್ ತಳ್ಳಿದರು. ಯಂತ್ರ ಗೊರಗೊರ ಎಂದು ಅದನ್ನು ನುಂಗಿ, ಒಂದು ಕ್ಷಣ ಓಡಿಸಿ, ಟೇಪನ್ನು ಸುತ್ತಿಕೊಳ್ಳದೆ ಹೊಟ್ಟೆಯೊಳಗೆಲ್ಲ ಶಾವಿಗೆಯ ಹಾಗೆ ಹರಡಿಕೊಂಡಿತು.

“ಬಿಟ್ಬಿಡು ಮೂರ್ತಣ್ಣಾ,” ಎಂದ ಹನುಮಣ್ಣ ಕಿಟಕಿಯಿಂದ. “ಅಕ್ಕಾರಿಗೆ ಸೋತ್ರೆ ಏನು ಅವಮಾನ? ನಾನಂತೂ ನಮ್ಮಕ್ಕಗೆ ದಿನಾ ಸೋಲ್ತೀನಿ.”

“ಸೋಲಕ್ಕೆ ನನಗೇನೂ ಬೇಜಾರಿಲ್ಲ ಕಣಲೇ. ಒಂದು ಮಾತು ಕೇಳಬೇಕಿತ್ತು. ನನ್ನ ಮಗಳು. ‘ಕೊಡ್ತೀಯೇನೋ ಓಂಕಾರ’ ಅಂತ ಒಂದೇ ಒಂದು ಮಾತು! ಕೇಳದೆ ತಗೊಂಡು ಹೋಗಾಕೆ ಅವಳೇನು ಕೊಟ್ಟಿಗೆಯಾಗೆ ಕಟ್ಟಿರೋ ಕರುವಾ? ಇವತ್ತು ಈ ಯಂತ್ರ ಸುಟ್ಟು ಬೂದಿಯಾದ್ರೂ ಸರಿ, ಬಿಡಲ್ಲ!” ಜಯದೇವಪ್ಪನವರು ಕೂಡ ಒಂದು ಗಳಿಗೆ ಸಲಹೆ ಕೊಡುವುದನ್ನು ನಿಲ್ಲಿಸಿದರು.

ಸುರುಳಿ ತಿರುಗಿಸುವ ಪುಟ್ಟ ಚಕ್ರದ ರಬ್ಬರ್ ಉಂಗುರ ಸವೆದು ನುಣುಪಾಗಿತ್ತು. ಅದನ್ನು ಬಿಚ್ಚಿ, ಒಳಗಿನ ಮೈ ಹೊರಗೆ ಬರುವಂತೆ ಮಗುಚಿ ಹಾಕಿದರು. ಚಿತ್ರ ಓದುವ ಹೆಡ್ಡನ್ನು ಅವರು ಮೊದಲಿನಿಂದಲೂ ಒರೆಸುತ್ತಿದ್ದುದು ಗರಿಗರಿ ಹೊಸ ನೋಟಿನಿಂದ. ಮಗಳ ಪರ್ಸಿನಿಂದಲೇ ಒಂದನ್ನು ತೆಗೆದು, ಸ್ಪಿರಿಟಿನಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಒತ್ತಿ ಒರೆಸಿದರು. ಮತ್ತೆ ಗುಂಡಿ ಒತ್ತಿದಾಗ ಟಿ.ವಿ.ಯಲ್ಲಿ ಯಾರದೋ ಮನೆಯ ಹಸು ಹೊಸಿಲು ದಾಟಿ ಒಳಗೆ ಬಂತು. ದೀಪಿಕಾ ಚಪ್ಪಾಳೆ ತಟ್ಟಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಇಂಥ ಸುಖ ಓಂಕಾರಮೂರ್ತಿಯವರಿಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ.

“ನೋಡಿದ್ರಾ ಜಯದೇವಣ್ಣಾ? ಮನುಷ್ಯ ಸುಳ್ಳು ಹೇಳ್ತಾನೆ. ಇದು ಹೇಳಲ್ಲ!”

ಬಿಸಿಲು ಇಳಿಯುವ ಹೊತ್ತಿಗೆ ಮೊಳಕಾಲ್ಮೂರಿನ ಕಾರು ಬಂತು. ಬಸವಲಿಂಗಮ್ಮ ಹೂವು, ಹಣ್ಣು, ಕೆಂಪು ರೇಷ್ಮೆ ಸೀರೆಯ ತಟ್ಟೆ ಹಿಡಿದು ಇಳಿದರು. ಹಿಂದೆ ತುಪ್ಪದ ಡಬ್ಬಿ ಹಿಡಿದ ಸಂಗಮೇಶ್. ಬಂದವನೇ ಡಬ್ಬಿ ಕೆಳಗಿಟ್ಟು ಮಾವನ ಕಾಲು ಮುಟ್ಟಿದ. ಓಂಕಾರಮೂರ್ತಿಯವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಬೀದಿಯ ಅರ್ಧ ಜನ ನಡುಮನೆಯಲ್ಲಿ ಕೂತಿದ್ದರು. ಹೊರಗೆ ಹನುಮಣ್ಣ ಆಟೋದಲ್ಲಿ ಕೂತು ಇಂಜಿನ್ ಕಾಯುತ್ತಿದ್ದ.

“ಹಾಕೋ ನಿನ್ನ ಸಿನಿಮಾ,” ಎಂದರು ಬಸವಲಿಂಗಮ್ಮ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು.

ಓಂಕಾರಮೂರ್ತಿಯವರು ಮದುವೆ ಕ್ಯಾಸೆಟ್ ಕೈಗೆತ್ತಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೇ ನೆನಪಿರಲಿಲ್ಲ. ಕೊಡಲ್ಲ ಎಂದಿರಬೇಕು ಎಂದು ಬೆಳಿಗ್ಗೆ ಸಿಟ್ಟಿನಲ್ಲಿ ಅನ್ನಿಸಿತ್ತು. ಹೂಂ ಎಂದಿದ್ದರೆ? ಬೀದಿಯೆಲ್ಲ ನೋಡುತ್ತಿದೆ. ಆದದ್ದಾಗಲಿ ಎಂದು ಒಳಗೆ ತಳ್ಳಿ ಗುಂಡಿ ಒತ್ತಿದರು.

ಮೊದಲು ಬರೀ ಚುಕ್ಕಿ. ಆಮೇಲೆ ನಡುಗುವ ಗೆರೆ. ಚಿತ್ರ ನೇರ ಮಾಡುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರು. ಗೆರೆಗಳು ಮೇಲೆ ಸರಿದು, ಹಸಿರು ಚಪ್ಪರದ ಕೆಳಗೆ ಆರತಿ ತಟ್ಟೆ ಹಿಡಿದು ಅವ್ವ ನಿಂತಿದ್ದಳು. ತೀರಿಕೊಂಡು ಎಷ್ಟೋ ವರ್ಷವಾದ ಅವ್ವ. ಕ್ಯಾಮೆರಾ ನೋಡಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ಅವ್ವಾ,” ಎಂದರು ಬಸವಲಿಂಗಮ್ಮ ಮೆಲ್ಲಗೆ. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಿದ್ದರೆ ಜಗಳ ಅಲ್ಲೇ ಮುಗಿದುಹೋಗುತ್ತಿತ್ತು.

ಆಮೇಲೆ ಬಾಸಿಂಗ ಕಟ್ಟಿದ, ಕಡ್ಡಿಯಂಥ ಓಂಕಾರಮೂರ್ತಿ. ಪಕ್ಕದಲ್ಲಿ ನೆಲ ನೋಡುವ ಜ್ಯೋತಿಲಕ್ಷ್ಮಿ. ಬಾಗಿಲ ತುಂಬ ನಿಂತ ಬಸವಲಿಂಗಮ್ಮ, ಕಂಕುಳಲ್ಲಿ ಮೂಗು ಸುರಿಯುತ್ತಿದ್ದ ಪುಟ್ಟ ಸಂಗಮೇಶ್. ಟಿ.ವಿ.ಯಲ್ಲಿ ಅಕ್ಕನ ದನಿ ಕೇಳಿತು: “ಮಗಳು ಹುಟ್ಟಿದ್ರೆ ಇವನಿಗೆ ಕೊಡ್ತೀನಿ ಅನ್ನೋ!”

ಕಡ್ಡಿಯಂಥ ಓಂಕಾರಮೂರ್ತಿ ಎದೆ ಸೆಟೆಸಿ ಹೇಳಿದ: “ಕೊಡಲ್ಲ!”

ನಡುಮನೆ ಹೋ ಎಂದಿತು. ಜಯದೇವಪ್ಪನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಟೇಪಿನ ಮುಂದಿನ ಮಾತು ಆ ಗಲಾಟೆಯಲ್ಲಿ ಮುಳುಗಿತು. ಓಂಕಾರಮೂರ್ತಿಯವರು ಟೇಪು ನಿಲ್ಲಿಸಿ, ಮೀಸೆ ಇಲ್ಲದಿದ್ದರೂ ಮೀಸೆಯ ಜಾಗ ತಿರುವಿದರು. ಬಸವಲಿಂಗಮ್ಮನ ಮುಖ ಸಪ್ಪಗಾಯಿತು. ತಟ್ಟೆ ಎತ್ತಿಕೊಂಡು ಏಳಹೊರಟರು. “ಅಂದಿದ್ದೀಯಪ್ಪ. ನಾನೇ ಮರೆತಿದ್ದೆ. ಹೋಗ್ತೀವಿ.”

“ಮೂರ್ತಣ್ಣಾ!” ಕಿಟಕಿಯಿಂದ ಹನುಮಣ್ಣನ ತಲೆ ಒಳಗೆ ಬಂತು. “ಇಂಜಿನ್ ಸದ್ದಿಗೆ ನನಗೇನೂ ಕೇಳಿಸಲಿಲ್ಲ. ಬೆಳಿಗ್ಗೆಯಿಂದ ಡೀಸೆಲ್ ಸುಟ್ಟೀನಿ. ಇನ್ನೊಂದ್ಸಲ ಹಾಕು. ಒಂದು ನಿಮಿಷ ಇಂಜಿನ್ ಆರಿಸ್ತೀನಿ, ಬ್ಯಾಟರಿ ತಡೀತೈತೆ.”

“ಒಂದಲ್ಲ, ಹತ್ತು ಸಲ ಹಾಕ್ತೀನಿ! ಅಕ್ಕಾ, ಕೂತ್ಕೋ, ಪೂರ್ತಿ ಕೇಳ್ಕೊಂಡು ಹೋಗು!” ಓಂಕಾರಮೂರ್ತಿಯವರು ಟೇಪು ಹಿಂದಕ್ಕೆ ಸುತ್ತಿ, ಟಿ.ವಿ.ಯ ದನಿಯನ್ನು ತುದಿಗೆ ಏರಿಸಿದರು. ಇಂಜಿನ್ ಆರಿತು. ಮನೆ ನಿಶ್ಶಬ್ದವಾಯಿತು.

“ಕೊಡಲ್ಲ!” ಎಂದ ಕಡ್ಡಿಯಂಥ ಓಂಕಾರಮೂರ್ತಿ, ಬೀದಿಗೆಲ್ಲ ಕೇಳುವಂತೆ. ಟೇಪು ಮುಂದೆ ಓಡಿತು. “ಕೊಡಾಕೆ ನಾನ್ಯಾರು ಅಕ್ಕಾ? ಅವಳು ಹುಟ್ಲಿ, ಓದ್ಲಿ, ದೊಡ್ಡೋಳಾಗ್ಲಿ. ಆಮೇಲೆ ಅವಳನ್ನೇ ಕೇಳ್ಕೋ. ಅವಳು ಹೂಂ ಅಂದ್ರೆ ನಾನು ಉಸಿರೆತ್ತಲ್ಲ!”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಓಂಕಾರಮೂರ್ತಿಯವರು ನಿಲ್ಲಿಸುವ ಗುಂಡಿಗಾಗಿ ತಡಕಾಡಿದರು.

ಬಸವಲಿಂಗಮ್ಮ ಮತ್ತೆ ಕೂತರು. ತಟ್ಟೆಯನ್ನು ನಿಧಾನವಾಗಿ ದೀಪಿಕಾಳ ಮುಂದೆ ಸರಿಸಿದರು. “ನಿಮ್ಮಪ್ಪ ಹೇಳಿದಂಗೇ ಮಾಡ್ತೀನಿ ಕಣವ್ವಾ. ತಪ್ಪಾಯ್ತು, ಮೊದಲೇ ಕೇಳಬೇಕಿತ್ತು. ನಿನಗೆ ನನ್ನ ಮಗ ಒಪ್ಪಿಗೇನಾ?”

“ಒಪ್ಪಿಗೆ ಅತ್ತೆ,” ಎಂದಳು ದೀಪಿಕಾ, ಪ್ರಶ್ನೆ ಮುಗಿಯುವ ಮೊದಲೇ.

“ಏನಂದೆ?” ಓಂಕಾರಮೂರ್ತಿಯವರು ಕೂಗಿದರು. “ಬೆಳಿಗ್ಗೆಯಿಂದ ನನ್ನ ಜೊತೆ ಕೂತು ಚಕ್ರ ಒರೆಸಿದೆಯಲ್ಲೇ! ಇದು ಓಡ್ಲೇಬೇಕು ಅಂದೆಯಲ್ಲೇ!”

“ನೀನು ಹೂಂ ಅಂದಿದ್ದು ಅದ್ರಾಗೆ ಐತೆ ಅಂತ ಅತ್ತೆ ಹೇಳಿದ್ರಪ್ಪಾ. ಅದಕ್ಕೇ ಓಡ್ಲಿ ಅಂತ ಒದ್ದಾಡಿದೆ. ನೀನು ಮೊದಲು ಕೊಡಲ್ಲ ಅಂದಾಗ ನನಗೆ ಅಳುನೇ ಬಂದಿತ್ತು.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಾಕೆ ಬಂದೆ. ನೀನೇನೂ ಹೇಳೋದು ಬೇಡ ಅಂದೆ. ಆಮೇಲಾದ್ರೂ ನನ್ನ ಕೇಳಿದ್ಯಾ?”

ಟಿ.ವಿ.ಯಲ್ಲಿ ನಿಂತ ಆ ಇಪ್ಪತ್ತಾರರ ಪೋರನ ಮುಂದೆ ಓಂಕಾರಮೂರ್ತಿಯವರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಅದು ಅವರು ಬಗ್ಗುವ ದಿನವಾಗಿರಲಿಲ್ಲ.

“ಈ ಯಂತ್ರ ಸರಿಯಿಲ್ಲ! ಸಾರಿನಾಗೆ ಬೆಂದ ಬೆಲ್ಟು! ದನಿ ಹಿಂದುಮುಂದಾಗೈತೆ!”

“ಮನುಷ್ಯ ಸುಳ್ಳು ಹೇಳ್ತಾನೆ, ಇದು ಹೇಳಲ್ಲ ಅಂದ್ರಲ್ಲ ಮೂರ್ತಿ,” ಎಂದರು ಜಯದೇವಪ್ಪ. ಒಳಗಿನಿಂದ ಜ್ಯೋತಿಲಕ್ಷ್ಮಿ ಬಿಸಿ ಹೋಳಿಗೆಯ ತಟ್ಟೆಗಳನ್ನು ತರತೊಡಗಿದರು. ಎಷ್ಟು ಹೋಳಿಗೆ ಎಂದರೆ, ಒಬ್ಬರಿಗೆ ತಿನ್ನಬೇಕೆನಿಸಿ ಮಾಡಿದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ದೀಪಿಕಾ ಹೂ ಮುಡಿದಳು. ಓಂಕಾರಮೂರ್ತಿಯವರು ಯಂತ್ರವನ್ನು ಎದೆಗವಚಿಕೊಂಡು ನಡುಮನೆಯ ಮಧ್ಯ ನಿಂತರು. “ಆಗ್ಲಿ! ನನ್ನ ಮಾತಿಗೆ ನಾನೇ ಸಿಕ್ಕಿಬಿದ್ದೆ, ಉಸಿರೆತ್ತಲ್ಲ. ಆದ್ರೆ ಒಂದು ಷರತ್ತು. ಮದುವೆ ವಿಡಿಯೋ ನಾನೇ ತೆಗಿಯೋದು. ಇದೇ ಮೆಷಿನ್ನು, ಇದೇ ಹೆಗಲು. ಇದ್ರಾಗೆ ಮಾತ್ರ ಯಾರ ಮಾತೂ ಕೇಳಲ್ಲ!”

ಬಂದಾಗಿನಿಂದ ಬಾಯಿ ಬಿಡದಿದ್ದ ಸಂಗಮೇಶ್ ಎದ್ದು ಬಂದು ಮತ್ತೊಮ್ಮೆ ಬಗ್ಗಿ ಕಾಲು ಮುಟ್ಟಿದ.

“ಮಾವಾ, ಸಿಟ್ಟಾಗಬೇಡ್ರಿ,” ಎಂದ. “ಡ್ರೋನ್ ಹಾರಿಸೋರಿಗೆ ನಾನೂ ದೀಪಿಕಾನೂ ಹೋದ ತಿಂಗಳೇ ಹೇಳಿಬಿಟ್ಟೀವಿ.”